ದಾಕ್ಷಾಯಿಣಿಯ ಉಸಿರು

ನಮ್ಮೂರಿನ ಕೆರೆ ದಂಡೆಗೆ ಬಂದವರು ಲೈಫ್ ಜಾಕೆಟ್ಟಿಗೆ ಕೈ ಹಾಕುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಇವತ್ತು ಯಾರ ಉಸಿರು ಸಿಗುತ್ತೆ?" ಹೊಸಬರ ಕಿವಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಮಾತ್ರ ಹೋಟೆಲಿನಲ್ಲಿ ತಿಂಡಿ ಏನಿದೆ ಎಂದು ಕೇಳಿದಷ್ಟೇ ಸಲೀಸು. ನಮ್ಮ ಕೆರೆಯಲ್ಲಿ ಪಂಪಿನ ಗಾಳಿ ನಡೆಯುವುದಿಲ್ಲ. ಪಂಪು ಹೊಡೆದ ಟ್ಯೂಬನ್ನು ಮೋಟಾರು ದೋಣಿಗೆ ಕಟ್ಟಿ ಎಳೆದರೆ ಅದು ನೀರಿನಿಂದ ಮೇಲೇಳುವುದೇ ಇಲ್ಲ, ನೆನೆದ ಗೋಣಿಚೀಲದ ಹಾಗೆ ಹಿಂದೆ ಹಿಂದೆ ತೆವಳುತ್ತದೆ. ಬಾಯಿಂದಲೇ ಊದಬೇಕು. ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಊದಬೇಕು. ಟ್ಯೂಬಾಗಲಿ ಚಾಪೆಯಾಗಲಿ, ಊದಿದವರ ಸ್ವಭಾವ ಹೇಗೋ ಆಟಿಕೆಯ ಸ್ವಭಾವವೂ ಹಾಗೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ದೋಣಿ ಓಡಿಸುವವನು, ಹೆಸರು ಪಂಚಾಕ್ಷರಿ, ಮೂವತ್ತನಾಲ್ಕು ವರ್ಷದಿಂದ ಜನರನ್ನು ಹಗ್ಗದ ತುದಿಯಲ್ಲಿ ಎಳೆದುಕೊಂಡು ಸುತ್ತುತ್ತಿದ್ದೇನೆ.

ಊರಿನ ಆಟಿಕೆಗಳನ್ನೆಲ್ಲ ನೋಡಿಕೊಳ್ಳುವ ಅಶ್ವತ್ಥಣ್ಣನ ಶೆಡ್ಡಿನ ಗೋಡೆ ತುಂಬ ಮರದ ಗೂಟಗಳು. ಊರಿನಲ್ಲಿ ಯಾರಿಗೇ ಹದಿನೆಂಟು ತುಂಬಲಿ, ಒಂದು ಆಟಿಕೆ ಊದಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿ, ತಮ್ಮ ಗೂಟಕ್ಕೆ ನೇತುಹಾಕಬೇಕು. ಅಲ್ಲಿಂದಾಚೆ ಅವರು ದೊಡ್ಡವರು ಅಂತ ಲೆಕ್ಕ. ಗಂಗಾಂಬಿಕೆ ಟೀಚರ್ ಊದಿದ್ದು ಮೂವರು ಒರಗಿ ಕೂರುವ ಸೋಫಾ. ಅದರ ಮೇಲೆ ಬೆನ್ನು ಗೂನು ಮಾಡಿ ಕೂತರೆ, ನೆಟ್ಟಗೆ ಕೂರುವವರೆಗೂ ಅದು ವಾಲಿಸುತ್ತಲೇ ಇರುತ್ತದೆ. ಮದುವೆ ಮಾತುಕತೆಗೆ ಬಂದ ಬೀಗರನ್ನು ಕೂರಿಸುವುದು ಅದರ ಮೇಲೆಯೇ. ಅಂಚೆಯ ತಿಪ್ಪೇಶಿಯದು ಉದ್ದನೆಯ ಹಳದಿ ಬಾಳೆಹಣ್ಣು, ಐದು ಜನ ಕುದುರೆ ಹತ್ತಿದ ಹಾಗೆ ಹತ್ತಿ ಕೂರಬಹುದು, ಆದರೆ ದಡದಲ್ಲಿ ಎಲ್ಲಿ ಮನೆ ಕಂಡರೂ ಅದು ನಿಧಾನ ಮಾಡಿ ಅತ್ತ ಎಳೆಯುತ್ತದೆ. ಪೂಜಾರಿ ವಿರೂಪಾಕ್ಷಯ್ಯನವರ ಚಾಪೆಗೆ ಭಾರಿ ಮಡಿ. ಅದರ ಮೇಲೆ ಬೋರಲು ಮಲಗಿ ಇಡೀ ಕೆರೆ ಸುತ್ತಿದವರೂ ಒಣ ಬಟ್ಟೆಯಲ್ಲೇ ವಾಪಸ್ಸು ಬರುತ್ತಾರೆ. ಜಯಶೀಲಮ್ಮನ ಟ್ಯೂಬಂತೂ ಬೇರೆ ದೋಣಿ ಕಂಡರೆ ಸಾಕು, ಅಲ್ಲಿ ಏನು ಮಾತಾಡುತ್ತಿದ್ದಾರೆ ಎಂದು ಪಕ್ಕಕ್ಕೇ ಹೋಗಿಬಿಡುತ್ತದೆ.

ಆರಿಸುವುದರಲ್ಲೇ ಅರ್ಧ ಮಜಾ. ಒಂದೊಂದು ಸಂಸಾರ ಶೆಡ್ಡಿನ ಮುಂದೆ ಅರ್ಧ ಗಂಟೆ ಜಗಳವಾಡುವುದುಂಟು. "ಅಪ್ಪಾ, ಜಯಶೀಲಮ್ಮಂದು!" "ಬೇಡ ಕಣೆ, ಮನೆ ಗುಟ್ಟೆಲ್ಲ ಕೆರೆಗೆ ಬೀಳುತ್ತೆ." "ಹಂಗಾದ್ರೆ ತಿಪ್ಪೇಶಣ್ಣಂದು." "ಅದು ಹತ್ತಿದ್ರೆ ಸಂಜೆಗೆ ಮನೆ ಸೇರಲ್ಲ." ಹೀಗೆ. ತೀರಿಹೋದ ರುದ್ರವ್ವನ ಟ್ಯೂಬನ್ನು ಬೇರೆ ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಅವಳ ಮಕ್ಕಳು ಬಂದು ಅದರ ಮೇಲೆ ಕೂತು ಒಂದು ಸುತ್ತು ಹೋಗಿ, ಬೈಸಿಕೊಂಡ ಮುಖ ಮಾಡಿಕೊಂಡು, ಸಂತೋಷವಾಗಿ ಹಿಂತಿರುಗುತ್ತಾರೆ.

ನನ್ನ ಟ್ಯೂಬೂ ಒಂದಿತ್ತು. ಅದು ದೋಣಿಯ ಬೆನ್ನು ಬಿಟ್ಟು ಆ ಕಡೆ ಈ ಕಡೆ ಹೋಗುತ್ತಿರಲಿಲ್ಲ. ಅಲೆ ಬಂದರೆ ತಬ್ಬಿ ಹಿಡಿದ ಹಾಗೆ ನೀರಿಗೆ ಅಂಟಿಕೊಳ್ಳುತ್ತಿತ್ತು. ಊರಿನ ಅಜ್ಜಿಯರಿಗೆಲ್ಲ ಅದೇ ಬೇಕು. ಎಲೆಯಡಿಕೆ ಹಾಕಿಕೊಂಡು ಕೂತರೆ ಜಗಿದು ಮುಗಿಯುವ ಹೊತ್ತಿಗೆ ಸುತ್ತೂ ಮುಗಿಯುತ್ತಿತ್ತು. "ಪಂಚಾಕ್ಷರಿ ಉಸಿರು ಅಂದ್ರೆ ತೊಟ್ಟಿಲು ಕಣಪ್ಪ" ಎಂದು ಅವರು ಹೊಗಳಿದಾಗ ನಾನು ಬೀಗುತ್ತಿದ್ದೆ. ಅದು ತಾಳ್ಮೆಯಲ್ಲ, ಪುಕ್ಕಲುತನ ಎಂದು ನನಗೊಬ್ಬನಿಗೆ ಗೊತ್ತಿತ್ತು.

ನನ್ನ ಗೂಟದ ಪಕ್ಕದ ಗೂಟ ಖಾಲಿ. ಅದು ದಾಕ್ಷಾಯಿಣಿಯದು. ನಾವಿಬ್ಬರೂ ಒಂದೇ ಬೀದಿ, ಒಂದೇ ಶಾಲೆ, ಒಂದೇ ವರ್ಷ ಹದಿನೆಂಟು ತುಂಬಿದವರು. ಅವಳು ಊದಿದ್ದು ಕೆಂಪು ಟ್ಯೂಬು. ಅದರ ಮೊದಲ ಸವಾರಿ ನನ್ನದು. ತಾನು ಊದಿದ್ದರ ಮೇಲೆ ತಾನೇ ಕೂತರೆ ಆಟಿಕೆ ಅಲ್ಲಾಡುವುದಿಲ್ಲ, ಆದ್ದರಿಂದ ಮೊದಲ ಸವಾರಿಗೆ ಗೆಳೆಯರನ್ನೋ ನೆಂಟರನ್ನೋ ಕೂರಿಸುವುದು ವಾಡಿಕೆ. ದೋಣಿ ನೂರು ಮಾರು ಹೋಗಿರಲಿಲ್ಲ, ಟ್ಯೂಬು ಎಡಕ್ಕೆ ಚಂಗನೆ ನೆಗೆಯಿತು, ನೆಗೆದದ್ದು ಗಾಳಿಯಲ್ಲೇ ತಡವರಿಸಿತು, ಮಗುಚಿಕೊಂಡಿತು. ನನ್ನ ಹೆಗಲ ಮೂಳೆ ಲಟಕ್ಕೆಂದಿತು. ಆವತ್ತೇ ಟ್ಯೂಬಿನ ಬಾಯಿ ಬಿಚ್ಚಿ ಗಾಳಿ ಬಿಟ್ಟರು. ಅವಳ ಉಸಿರು ಒರಟು ಎಂದು ಊರೆಲ್ಲ ಹೇಳಿತು.

ಊರು ಒಮ್ಮೆ ಹೇಳಿದರೆ ಮುಗಿಯಿತು. ಮಗುವಿನ ಕಣ್ಣಿಗೆ ಕಸ ಬಿದ್ದರೆ ಊದುವುದಕ್ಕೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಪಕ್ಕದಲ್ಲೇ ಅವಳಿದ್ದರೂ ದಾಟಿಕೊಂಡು ಗಂಗಾಂಬಿಕೆ ಟೀಚರ್ ಹತ್ತಿರ ಓಡುತ್ತಿದ್ದರು. ಬಿಸಿ ಹಾಲು ಆರಿಸುವುದಿರಲಿ, ಒಲೆ ಊದುವುದಿರಲಿ, "ನೀನು ಬಿಡಮ್ಮ" ಎನ್ನುತ್ತಿದ್ದರು. ಶಾಲೆಯಲ್ಲಿ ಮೂರು ಬೆಂಚಿನಾಚೆಗೂ ಕೇಳುವ ಹಾಗೆ ನಗುತ್ತಿದ್ದವಳು ಬರಬರುತ್ತಾ ಬಾಯಿಗೆ ಅಂಗೈ ಅಡ್ಡ ಹಿಡಿದು ನಗುವುದನ್ನು ಕಲಿತಳು. ಬೇಕರಿಯವನನ್ನು ಮದುವೆಯಾದಳು, ಇಬ್ಬರು ಮಕ್ಕಳನ್ನು ಬೆಳೆಸಿದಳು, ಜಗಲಿಯ ಮೇಲೆ ಕೂತು ಊರಿನ ಆಟಿಕೆಗಳಿಗೆಲ್ಲ ತೇಪೆ ಹಾಕುವ ಕೆಲಸ ಹಿಡಿದಳು. ತೂತಾದ ಆಟಿಕೆ ಬಂದರೆ ಸೊಲ್ಯೂಷನ್ ಹಚ್ಚಿ ತೇಪೆ ಒತ್ತಿ, ತಾನೇ ಪೂರ್ತಿ ಊದಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದಳು. ಸರಿಯಿದೆ ಎಂದು ಖಾತ್ರಿಯಾದ ಮೇಲೆ ತನ್ನ ಉಸಿರನ್ನು ಕೊನೆಯ ಹನಿಯವರೆಗೂ ಹಿಂಡಿ ತೆಗೆದು, ಯಾರದೋ ಅವರನ್ನು ಕರೆದು ಊದಿಸುತ್ತಿದ್ದಳು. ಮತ್ತೆ ಬಂದು ಊದಲಾರದ ರುದ್ರವ್ವನಂಥವರ ಆಟಿಕೆಗೆ ಮುಳ್ಳು ಚುಚ್ಚಿದರೆ ಮಾತ್ರ ತೂತಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಅವಳ ಜಗಲಿಗೆ ಓಡಬೇಕು. ಅವಳು ಒಂದು ಗುಟುಕು ಗಾಳಿಯೂ ಹೋಗದ ಹಾಗೆ ಮುಚ್ಚಿಕೊಡುತ್ತಿದ್ದಳು. ಶೆಡ್ಡಿನಲ್ಲಿದ್ದ ಮುಕ್ಕಾಲುಪಾಲು ಆಟಿಕೆಗಳನ್ನು ಅವಳು ಒಂದಲ್ಲ ಒಂದು ಸಲ ಊದಿದ್ದಳು. ಆ ಮೊದಲ ಸವಾರಿಯಿಂದಾಚೆ ಅವಳ ಉಸಿರಿನ ಮೇಲೆ ಒಬ್ಬರೂ ಕೂತಿರಲಿಲ್ಲ.

ನಾನು? ನಾನು ಆ ಹೆಗಲ ಮೂಳೆಯ ಕಥೆಯನ್ನು ದೋಣಿ ಹತ್ತಿದ ಪ್ರತಿಯೊಬ್ಬರಿಗೂ ಹೇಳಿ ನಗಿಸುತ್ತಿದ್ದೆ. "ದಾಕ್ಷಿ ಊದಿದ್ದು ಉಸಿರಲ್ಲ ಸ್ವಾಮಿ, ಸಿಡಿಮದ್ದು" ಎಂದು ಹೆಗಲು ಹಿಡಿದುಕೊಂಡು ಮುಖ ಕಿವುಚುವುದು. ಎಲ್ಲಿ ನಿಲ್ಲಿಸಿದರೆ ನಗು ಬರುತ್ತದೆ ಎಂದು ನನಗೆ ಬಾಯಿಪಾಠವಾಗಿತ್ತು.

ಹೀಗಿರುವಾಗ ಅಶ್ವತ್ಥಣ್ಣ ಗರುಡ ಎಂಬ ಹೊಸ ದೊಡ್ಡ ಆಟಿಕೆಯನ್ನು ತರಿಸಿದರು. ಎಪ್ಪತ್ತು ದಾಟಿದ ಮನುಷ್ಯ, ಆಟಿಕೆ ಎಂದರೆ ಮಗುವೇ. ಬಿಚ್ಚಿ ಹಾಸಿದಾಗ ಶೆಡ್ಡಿನ ಅಂಗಳ ಸಾಲಲಿಲ್ಲ. ಮಧ್ಯೆ ನಾಲ್ಕು ಜನ ಮಲಗುವ ಮೈ, ಎರಡು ಕಡೆಗೂ ಒಂದೊಂದು ಆಳಿನುದ್ದದ ರೆಕ್ಕೆ, ಹಿಡಿದುಕೊಳ್ಳಲು ಎಂಟು ಹಿಡಿಕೆ. ಸರಿಯಾದ ವೇಗ ಸಿಕ್ಕರೆ ಇದು ನೀರು ಬಿಟ್ಟು ಮೇಲೇಳುತ್ತದಂತೆ. ಊರಿಗೆ ಊರೇ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡಿತು. ಆಮೇಲೆ ಶುರುವಾಯಿತು ಫಜೀತಿ. ಊದುವವರು ಯಾರು?

ಗರಡಿಯ ಹುಡುಗರು ಬಂದರು. ಒಬ್ಬ ರೆಕ್ಕೆಯ ತುದಿ ಉಬ್ಬುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕೂತ. ಇನ್ನೊಬ್ಬ ಎರಡು ದಿನ ಊದಿದ, ಮೂರನೆಯ ದಿನ ಜ್ವರ ಹಿಡಿದು ಮಲಗಿದ. ನಾದಸ್ವರದ ಮುನಿಸ್ವಾಮಿ ಅರ್ಧಕ್ಕೆ ತಂದು, ಸಂಜೆ ಕಚೇರಿಯಿದೆ, ಉಸಿರು ಉಳಿಸಿಕೊಳ್ಳಬೇಕು ಎಂದು ಎದ್ದು ಹೋದ. ಅವನು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುವಂತಿಲ್ಲ. ಒಂದು ಆಟಿಕೆಯಲ್ಲಿ ಎರಡು ಉಸಿರು ಬೆರೆತರೆ ಅವು ಒಳಗೇ ಕಿತ್ತಾಡುತ್ತವೆ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಪ್ರತಿ ಸಲವೂ ಎಲ್ಲ ಗಾಳಿ ಬಿಟ್ಟು ಮೊದಲಿನಿಂದ. ಎಂಟು ದಿನವಾದರೂ ಗರುಡ ಅಂಗಳದಲ್ಲಿ ಅಂಗಾತ ಬಿದ್ದೇ ಇತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಗುಂಪಿನ ಹಿಂದಿನಿಂದ ಒಂದು ದನಿ ಬಂತು. "ಅಶ್ವತ್ಥಣ್ಣ, ನಾನ್ ಊದ್ಲಾ?"

ದಾಕ್ಷಿ. ಕೈಯಲ್ಲಿ ತೇಪೆ ಹಾಕಿದ ಚಾಪೆ ಹಿಡಿದುಕೊಂಡು ನಿಂತಿದ್ದಳು. ಅದನ್ನು ಕೊಡಲು ಬಂದವಳು ಕೇಳಿಬಿಟ್ಟಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ನೋಡಿರಲಿಲ್ಲ.

ಅಶ್ವತ್ಥಣ್ಣ ಕೆಟ್ಟವರಲ್ಲ. ಮುಜುಗರವಾಗಿ ತಲೆ ಕೆರೆದುಕೊಂಡರು. "ನಿನ್ಗೆ ಆ ತಾಕತ್ತಿದೆ ತಾಯಿ, ಇಲ್ಲ ಅನ್ನಲ್ಲ. ಆದ್ರೆ ಊದಿದ ಮೇಲೆ ಹತ್ತೋರು ಯಾರು? ನಿನ್ ಉಸಿರು ಎಂಥದ್ದು ಅಂತ ಪಂಚಂಗೆ ಗೊತ್ತಲ್ಲ, ಅವನ್ನೇ ಕೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಅವಳೂ ನೋಡಿದಳು. ಅಲ್ಲಿ ನಾನು ಹೇಳಬೇಕಾಗಿದ್ದ ಮಾತು ಒಂದಿತ್ತು. ಹೇಳಲಿಲ್ಲ. ಕೈ ತಾನಾಗಿ ಹೆಗಲಿಗೆ ಹೋಯಿತು, ಮುಖ ತಾನಾಗಿ ಕಿವುಚಿತು, "ಅಯ್ಯೋ, ಮಳೆಗಾಲದಲ್ಲಿ ಈಗ್ಲೂ ನೋಯುತ್ತೆ ಕಣ್ರಪ್ಪಾ" ಎಂದೆ. ಗುಂಪು ಗೊಳ್ಳೆಂದಿತು. ದಾಕ್ಷಿಯೂ ನಕ್ಕಳು, ಬಾಯಿಗೆ ಅಂಗೈ ಅಡ್ಡ ಹಿಡಿದು. ಚಾಪೆಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಮನೆಗೆ ಬಂದು ತಟ್ಟೆ ಮುಂದೆ ಕೂತೆ. ಉಪ್ಪಿಟ್ಟನ್ನು ಬೆರಳಿನಲ್ಲಿ ಅತ್ತಿತ್ತ ತಳ್ಳುತ್ತಿದ್ದೆ. ನನ್ನ ಹೆಂಡತಿ ಸರ್ವಮಂಗಳೆಗೆ ನನ್ನ ಮುಖ ಓದಲು ಕನ್ನಡಕ ಬೇಕಿಲ್ಲ. "ಏನಾಯ್ತು ರೀ?" ಎಂದಳು. ಏನಿಲ್ಲ ಎಂದೆ. "ಏನಿಲ್ಲ ಅಂದ್ರೆ ಇಷ್ಟ್ ಹೊತ್ತಿಗೆ ಎರಡ್ನೇ ಸಲ ಹಾಕಿಸ್ಕೊಂಡಿರ್ತಿದ್ರಿ" ಎಂದಳು. ಹೇಳಿಬಿಟ್ಟೆ.

ಆ ದಿನ ದಾಕ್ಷಿ ಕೆಂಪು ಟ್ಯೂಬನ್ನು ಬೆಳಗಿನಿಂದ ಊದಿ ಊದಿ ಸುಸ್ತಾಗಿ, ಇನ್ನೇನು ಮುಗಿಯಿತು ಎನ್ನುವಾಗ ನೀರು ಕುಡಿಯಲು ಒಳಗೆ ಹೋದಳು. ಟ್ಯೂಬು ಕಾಯುತ್ತಾ ನಾನೊಬ್ಬನೇ ಕೂತಿದ್ದೆ. ಪಾಪ, ಬೆವತು ಹೋಗಿದ್ದಾಳೆ, ಸ್ವಲ್ಪ ಸಹಾಯ ಮಾಡೋಣ ಅನ್ನಿಸಿತು. ಬೆರೆಸಬಾರದೆಂದು ಗೊತ್ತಿತ್ತು, ಆದರೂ ಐದೇ ಐದು ಉಸಿರು, ಏನಾದೀತು ಎಂದುಕೊಂಡೆ. ಊದಿ ಬಾಯಿ ಮುಚ್ಚಿದೆ. ಬಂದು ನೋಡಿ, "ಅರೆ, ಆಗೇ ಹೋಗಿದ್ಯಲ್ಲ" ಎಂದು ಅವಳು ಖುಷಿಯಾದಳು. ಒಂದು ಗಂಟೆಯೊಳಗೆ ಮೂಳೆ ಮುರಿಯಿತು. ಮೂಳೆ ಕೂಡುವ ಹೊತ್ತಿಗೆ ಊರು ತೀರ್ಮಾನ ಮಾಡಿ ಆಗಿತ್ತು. ಇನ್ನೊಬ್ಬರ ಆಟಿಕೆಗೆ ಉಸಿರು ಬೆರೆಸಿದವನ ಆಟಿಕೆ ಗೂಟದಿಂದ ಇಳಿಯುತ್ತದೆ, ಅವನು ಒಂದು ವರ್ಷ ದೋಣಿ ಮುಟ್ಟುವಂತಿಲ್ಲ. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಪ್ಪ ಆಗಷ್ಟೇ ದೋಣಿಯನ್ನು ನನ್ನ ಕೈಗೆ ಕೊಟ್ಟಿದ್ದರು. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ.

ಮಂಗಳೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು. "ಏಳಿ."

"ಉಪ್ಪಿಟ್ಟು ಆರೋಗುತ್ತೆ ಕಣೆ."

"ಆರ್ಲಿ. ಅವಳ ಬಾಳೇ ಆರಿಸಿ ಇಟ್ಟಿದ್ದೀರಿ, ಉಪ್ಪಿಟ್ಟಿಂದೇನು?"

ದಾಕ್ಷಿ ಜಗಲಿಯ ಮೇಲೆ ಬಕೆಟ್ಟಿನ ಮುಂದೆ ಕೂತಿದ್ದಳು. ಜಯಶೀಲಮ್ಮನ ಟ್ಯೂಬಿನ ಒಂದು ಬದಿ ನೀರಿನಲ್ಲಿ. ನಾನು ನಿಂತೇ ಹೇಳಿದೆ. ಒಂದೇ ಉಸಿರಿನಲ್ಲಿ ಹೇಳಿದೆ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಭಯ. ಅವಳು ತಲೆಯೆತ್ತಲಿಲ್ಲ. ಟ್ಯೂಬನ್ನು ನಿಧಾನವಾಗಿ ತಿರುಗಿಸುತ್ತಾ ಗುಳ್ಳೆ ನೋಡುತ್ತಲೇ ಇದ್ದಳು.

"ಎಷ್ಟು ಊದಿದ್ದೆ?"

"ಐದು."

"ಸಣ್ಣವಾ, ದೊಡ್ಡವಾ?"

"ದೊಡ್ಡವೇ ಇರ್ಬೇಕು. ಸಹಾಯ ಅಂತ..."

"ಹೂಂ" ಎಂದಳು. ಟ್ಯೂಬನ್ನು ಎತ್ತಿ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿದಳು. ಆಮೇಲೆ ಎದ್ದು ನಿಂತು, ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಅಷ್ಟೂ ನೀರನ್ನು ನನ್ನ ಮೇಲೆ ಸುರಿದಳು. ಸೊಲ್ಯೂಷನ್ನಿನ ವಾಸನೆಯ ನೀರು ಕಿವಿ ಮೂಗು ಎಲ್ಲದರೊಳಗೂ ಹೋಯಿತು. ನಾನು ಅಲ್ಲಾಡಲಿಲ್ಲ. ಅವಳು ಏದುಸಿರು ಬಿಡುತ್ತಿದ್ದಳು, ಕಣ್ಣು ತುಂಬಿತ್ತು.

"ನನ್ ಮಗಳು ಚಿಕ್ಕೋಳಿದ್ದಾಗ ಅವಳ ಕಣ್ಣಿಗೆ ಕಸ ಬಿದ್ರೆ ನಾನೇ ಊದ್ತಿರ್ಲಿಲ್ಲ ಪಂಚಾ. ಹೆತ್ತ ತಾಯಿ, ನನ್ಗೇ ಹೆದ್ರಿಕೆ. ಗೊತ್ತಾ ನಿನ್ಗೆ?"

ನಾನು ಅತ್ತುಬಿಟ್ಟೆ. ಮೈಯೆಲ್ಲ ನೀರಾಗಿದ್ದರಿಂದ ಅದು ಕಾಣದಿದ್ದರೂ ಅವಳಿಗೆ ಗೊತ್ತಾಯಿತು.

"ನನ್ಗೆ ಹೇಳಿ ಏನ್ ಬಂತು? ಒರಟು ಅಂದಿದ್ದು ನಾನಲ್ವಲ್ಲ, ಊರು" ಎಂದಳು. "ಊರಿಗೆ ಹೇಳು. ದಂಡೆ ಮೇಲೆ ನಿಂತ್ಕೊಂಡು, ಯಾವ ಗಂಟ್ಲಲ್ಲಿ ಆ ಕಥೆ ಹೇಳ್ತಿದ್ಯೋ ಅದೇ ಗಂಟ್ಲಲ್ಲಿ."

ಮರುದಿನ ಬೆಳಿಗ್ಗೆ ಹೇಳಿದೆ. ಮಂಗಳೆ ಪಕ್ಕದಲ್ಲೇ ನಿಂತಿದ್ದಳು, ನಾನು ಓಡಿಹೋಗದ ಹಾಗೆ. ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ. ಅಶ್ವತ್ಥಣ್ಣ ಶೆಡ್ಡಿನೊಳಗೆ ಹೋಗಿ, ನನ್ನ ಟ್ಯೂಬನ್ನು ಗೂಟದಿಂದ ಇಳಿಸಿ ಹೊರಗೆ ತಂದು ಅದರ ಬಾಯಿ ಬಿಚ್ಚಿದರು. ಮೂವತ್ತನಾಲ್ಕು ವರ್ಷದ ನನ್ನ ಪುಕ್ಕಲು ಉಸಿರು ಸುಯ್ಯೆಂದು ಹೊರಗೆ ಹೋಯಿತು. ಎಷ್ಟು ಹೊತ್ತು ಹೋಯಿತೆಂದರೆ, ಕೊನೆಗೆ ನನಗೇ ಹಗುರ ಅನ್ನಿಸಿತು.

ಅಜ್ಜಿಯರು ಮಾತ್ರ ಕಂಗಾಲಾದರು. "ಅವನ್ ತಪ್ಪಿಗೆ ನಮ್ ಟ್ಯೂಬ್ ಯಾಕೆ ಬಿಚ್ತೀಯೋ? ಇನ್ ನಾವ್ ಯಾವುದ್ರ ಮೇಲೆ ಕೂರಣ?" ಎಂದು ಒಬ್ಬ ಅಜ್ಜಿ ಅಶ್ವತ್ಥಣ್ಣನ ಪಂಚೆಯನ್ನೇ ಹಿಡಿದುಕೊಂಡಳು.

"ಒಂದು ವರ್ಷ ಇವನು ದೋಣಿ ಮುಟ್ಟೋ ಹಂಗಿಲ್ಲ" ಎಂದರು ಅಶ್ವತ್ಥಣ್ಣ. ದಾಕ್ಷಿಯ ಕಡೆ ತಿರುಗಿದರು. ಅವರ ದನಿ ಇಳಿದಿತ್ತು. "ತಾಯಿ, ನಾನೂ ಕೇಳ್ದೆ ತೀರ್ಮಾನ ಮಾಡ್ದೆ. ದೊಡ್ಡೋನು ನಾನು, ಕೇಳ್ಬೇಕಿತ್ತು. ಗರುಡನ್ನ ಊದ್ತೀಯಾ?"

ದಾಕ್ಷಿ ಸೆರಗು ಸೊಂಟಕ್ಕೆ ಸಿಗಿಸಿದಳು. ಅಂಗಳದಲ್ಲಿ ಮಂಡಿಯೂರಿ ಗರುಡನ ಬಾಯಿಗೆ ಬಾಯಿಟ್ಟಳು. ಮೊದಲ ಉಸಿರಿಗೆ ಏನೂ ಆಗಲಿಲ್ಲ. ಹತ್ತನೆಯದಕ್ಕೆ ಬೆನ್ನಿನ ಒಂದು ಮಡಿಕೆ ಅಲುಗಿತು. ಮೂವತ್ತನಾಲ್ಕು ವರ್ಷ ಊರಿನ ಆಟಿಕೆಗಳನ್ನೆಲ್ಲ ಊದಿ ಊದಿ ಪಳಗಿದ ಎದೆ ಅದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮೂಗಿನಿಂದ ಎಳೆದುಕೊಳ್ಳಬೇಕು ಎಂದು ಅದಕ್ಕೆ ಗೊತ್ತು. ಎಡ ರೆಕ್ಕೆ ಎದ್ದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಬಲ ರೆಕ್ಕೆ ಎದ್ದಾಗ ದೊಡ್ಡವರೂ ತಟ್ಟಿದರು. ನಡುವೆ ಅವಳ ಗಂಡ ಬೇಕರಿಯಿಂದ ಬನ್ನು ತಂದ. "ಬಾಯಿ ಖಾಲಿ ಇಲ್ಲ, ಆಮೇಲೆ" ಎಂದು ಕೈ ಬೀಸಿದಳು. ಯಾರೂ ಹತ್ತಿರ ಹೋಗಿ ಸಹಾಯ ಮಾಡಲಿಲ್ಲ. ನಾನಂತೂ ಹತ್ತು ಮಾರು ದೂರದಲ್ಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮಧ್ಯಾಹ್ನ ತಿರುಗುವ ಹೊತ್ತಿಗೆ ಗರುಡ ತಮಟೆಯ ಹಾಗೆ ಬಿಗಿಯಾಗಿ, ರೆಕ್ಕೆ ಬಿಚ್ಚಿಕೊಂಡು ಕೂತಿತ್ತು.

"ಯಾರ್ ಹತ್ತೋರು?" ಎಂದರು ಅಶ್ವತ್ಥಣ್ಣ. ಎಲ್ಲರೂ ಕಾಲು ನೋಡಿಕೊಂಡರು. ನಂಬಿಕೆ ಬೇರೆ, ಮೂಳೆ ಬೇರೆ. ನಾನು ಮುಂದೆ ಬಂದೆ. ಬೇರೆ ಯಾರು ಬರಬೇಕಿತ್ತು?

"ದೋಣಿ ಓಡ್ಸೋರು?"

"ನಾನು" ಎಂದಳು ಮಂಗಳೆ. ಮೂವತ್ತು ವರ್ಷದಿಂದ ನನ್ನ ಪಕ್ಕ ಕೂತು ನಿಧಾನ ರೀ, ನಿಧಾನ ರೀ ಎನ್ನುತ್ತಿದ್ದವಳು. ಸದ್ಯ, ನಿಧಾನವಾಗಿ ಓಡಿಸುತ್ತಾಳೆ ಎಂದು ಸಮಾಧಾನಪಟ್ಟುಕೊಂಡೆ. ದಾಕ್ಷಿ ದೋಣಿಯ ಹಿಂಭಾಗದಲ್ಲಿ ನನ್ನ ಕಡೆಗೆ ಮುಖ ಮಾಡಿ ಕೂತಳು. ಎಳೆಸಿಕೊಳ್ಳುವವರ ಮೇಲೆ ಕಣ್ಣಿಡಲು ಒಬ್ಬರು ಹಾಗೆ ಕೂರಲೇಬೇಕು. ಹೆಬ್ಬೆರಳು ಮೇಲೆ ಎತ್ತಿದರೆ ಜೋರು, ಕೆಳಗೆ ಮಾಡಿದರೆ ನಿಧಾನ, ಕೈ ಅಡ್ಡ ಬೀಸಿದರೆ ನಿಲ್ಲಿಸಬೇಕು. ನಾನು ಜಾಕೆಟ್ಟಿನ ಬಕಲ್ಲುಗಳನ್ನು ಮೂರು ಸಲ ನೋಡಿಕೊಂಡು, ಗರುಡನ ಮೇಲೆ ಬೋರಲು ಮಲಗಿ, ಎರಡು ಹಿಡಿಕೆಗಳನ್ನು ಬಿಗಿಯಾಗಿ ಹಿಡಿದೆ. ಕೆನ್ನೆಯ ಕೆಳಗೆ ಗರುಡ ಬೆಚ್ಚಗಿತ್ತು.

ಹಗ್ಗ ಬಿಗಿಯಾಯಿತು. ನಾನು ಕಣ್ಣು ಮುಚ್ಚಿದೆ. ಮಂಗಳೆ ಜೀವಮಾನದ ನಿಧಾನವನ್ನೆಲ್ಲ ದಂಡೆಯ ಮೇಲೆ ಬಿಟ್ಟು ಬಂದಿದ್ದಳೆಂದು ಮರುಕ್ಷಣವೇ ತಿಳಿಯಿತು. ನೀರು ಮುಖಕ್ಕೆ ರಪ್ಪೆಂದು ಬಡಿಯಿತು. ಗರುಡ ಒಮ್ಮೆ ಮೈ ಕುಲುಕಿತು, ಎಡಕ್ಕೆ ಚಂಗನೆ ನೆಗೆಯಿತು. ಅದೇ ನೆಗೆತ! ಮೂವತ್ತನಾಲ್ಕು ವರ್ಷವಾದರೂ ಮೈ ಮರೆತಿರಲಿಲ್ಲ. ಆಯಿತು, ಇನ್ನೊಂದು ಹೆಗಲೂ ಹೋಯಿತು ಎಂದುಕೊಂಡೆ.

ಹೋಗಲಿಲ್ಲ. ನೆಗೆದದ್ದು ತಡವರಿಸಲಿಲ್ಲ. ರೆಕ್ಕೆ ಚಾಚಿ ಗಾಳಿಯಲ್ಲಿ ಒಂದು ಮಾರು ತೇಲಿ, ಅಲೆಯ ಬೆನ್ನಿನ ಮೇಲೆ ಹದವಾಗಿ ಇಳಿದು, ಅಲ್ಲಿಂದ ಬಲಕ್ಕೆ ನೆಗೆಯಿತು. ಮತ್ತೆ ಎಡಕ್ಕೆ. ನನ್ನ ಹೊಟ್ಟೆಯೊಳಗಿನಿಂದ ಒಂದು ಕೂಗು ಬಂತು. ಹೆದರಿಕೆಯದ್ದೆಂದು ಬಾಯಿ ಬಿಟ್ಟರೆ ನಗು! ದಾಕ್ಷಿಯ ಉಸಿರು ಒರಟೇ. ಊರು ಆ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಶಾಲೆಯಲ್ಲಿ ಮೂರು ಬೆಂಚಿನಾಚೆಗೂ ಕೇಳುವ ಹಾಗೆ ನಗುತ್ತಿದ್ದ ಹುಡುಗಿಯ ಉಸಿರು ಇನ್ನು ಹೇಗಿರಬೇಕಿತ್ತು? ಆದರೆ ಅದಕ್ಕೆ ನೆಗೆಯುವುದೂ ಗೊತ್ತಿತ್ತು, ಇಳಿಯುವುದೂ ಗೊತ್ತಿತ್ತು. ಆವತ್ತು ನೆಗೆದದ್ದು ಅವಳ ಉಸಿರು. ಗಾಳಿಯ ಮಧ್ಯದಲ್ಲಿ ಹೆದರಿ ಅದರ ಕಾಲು ಹಿಡಿದು ಎಳೆದದ್ದು ನನ್ನ ಐದು ಉಸಿರು. ನನ್ನ ಮೂಳೆ ಮುರಿದವನು ನಾನೇ.

ತಲೆಯೆತ್ತಿ ನೋಡಿದೆ. ದಾಕ್ಷಿ ದೋಣಿಯ ಅಂಚು ಹಿಡಿದು ಮುಂದಕ್ಕೆ ಬಾಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಮುಖ ಬಿಳುಚಿಕೊಂಡಿತ್ತು. ಎಲ್ಲಿ ನಾನು ಕೈ ಅಡ್ಡ ಬೀಸುತ್ತೇನೋ ಎಂದು ಅವಳಿಗೆ ಭಯ. ನಾನು ಹಿಡಿಕೆ ಬಿಟ್ಟು, ಕೈಯನ್ನು ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತಿ, ಹೆಬ್ಬೆರಳನ್ನು ಆಕಾಶಕ್ಕೆ ತೋರಿಸಿದೆ. ಜೋರು! ಇನ್ನೂ ಜೋರು!

ದಾಕ್ಷಿ ಅದನ್ನು ಮಂಗಳೆಗೆ ಕೂಗಿ ಹೇಳಿದಳು. ಮಂಗಳೆಗೆ ಅಷ್ಟೇ ಬೇಕಿತ್ತು. ಗರುಡ ನೀರು ಬಿಟ್ಟು ಎದ್ದಿತು, ನಿಜವಾಗಿಯೂ ಎದ್ದಿತು, ಕೆಳಗೆ ಅದರ ನೆರಳು ಓಡುವುದನ್ನು ನಾನು ಕಂಡೆ. ಆ ಖುಷಿಯಲ್ಲಿ ಇನ್ನೊಂದು ಕೈಯನ್ನೂ ಬಿಟ್ಟೆ. ಆಮೇಲೆ ಆಕಾಶ, ನೀರು, ಆಕಾಶ, ನೀರು, ಮೂಗಿನ ತುಂಬ ಕೆರೆ.

ದೋಣಿ ಸುತ್ತು ಹಾಕಿ ಬಂತು. ದಾಕ್ಷಿ ಅಂಚಿನಿಂದ ಬಗ್ಗಿ ನೋಡಿದಳು.

"ಮೂಳೆ?"

"ಇದೆ."

"ಎಲ್ಲಾ?"

"ಮನೆಗೋಗಿ ಎಣಿಸ್ಬೇಕು."

ಅವಳು ನಕ್ಕಳು. ಎರಡೂ ಕೈ ದೋಣಿಯ ಅಂಚನ್ನು ಹಿಡಿದಿದ್ದವು, ಬಾಯಿಗೆ ಅಡ್ಡ ಏನೂ ಇರಲಿಲ್ಲ. ಆ ನಗು ಕೆರೆ ದಾಟಿ ಶೆಡ್ಡಿನವರೆಗೂ ಹೋಯಿತು ಎಂದು ಆಮೇಲೆ ಜನ ಹೇಳಿದರು. ನನಗೆ ನೀರಿನಲ್ಲಿ ತೇಲುತ್ತಲೇ ಕಣ್ಣು ತುಂಬಿ ಬಂತು.

"ದಾಕ್ಷಿ, ಇನ್ನೊಂದ್ ಸುತ್ತು."

"ಆಸೆ ನೋಡು. ಸಾಲಲ್ಲಿ ಬಾ" ಎಂದಳು.

ಸಾಲು ಎಂದಾಗ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ದಂಡೆಗೆ ಬಂದು ನೋಡಿದರೆ ಶೆಡ್ಡಿನ ಬಾಗಿಲಿನಿಂದ ಬೇಕರಿಯವರೆಗೂ ಜನ. ಎಲ್ಲರಿಗಿಂತ ಮುಂದೆ ಅಶ್ವತ್ಥಣ್ಣನ ಪಂಚೆ ಹಿಡಿದಿದ್ದ ಆ ಅಜ್ಜಿ, ಜಾಕೆಟ್ಟು ಹಾಕಿಕೊಂಡು, ಎಲೆಯಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡು ತಯಾರಾಗಿ ನಿಂತಿದ್ದಳು. "ತೊಟ್ಟಿಲು ಸಾಕಾಗಿತ್ತು ಬಿಡು" ಎಂದಳು ನನ್ನನ್ನು ನೋಡಿ. ನಾನು ನೀರು ಸುರಿಸಿಕೊಂಡು ಕೊನೆಗೆ ಹೋಗಿ ನಿಂತೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ, ಮುಂದೆ ಎಷ್ಟು ಜನ ಇದ್ದಾರೆ ಎಂದು ಇಣುಕುತ್ತಿದ್ದಾಗ ಇನ್ನೊಂದು ಸಂಗತಿ ಕಂಡೆ.

ಸಾಲಿನಲ್ಲಿದ್ದ ಒಬ್ಬ ತಾಯಿಯ ಕಂಕುಳಲ್ಲಿ ಮೂರು ವರ್ಷದ ಮಗು ಕಣ್ಣುಜ್ಜಿಕೊಂಡು ಅಳುತ್ತಿತ್ತು, ದಂಡೆಯ ಮರಳು ಬಿದ್ದಿರಬೇಕು. ಆಕೆ ರೂಢಿಯಂತೆ ಗಂಗಾಂಬಿಕೆ ಟೀಚರ್ ಕಡೆ ನಾಲ್ಕು ಹೆಜ್ಜೆ ಹೋದಳು. ನಿಂತಳು. ತಿರುಗಿದಳು. ಹಗ್ಗ ಸರಿಮಾಡುತ್ತಿದ್ದ ದಾಕ್ಷಿಯ ಮುಂದೆ ಬಂದು, "ದಾಕ್ಷಕ್ಕ, ಒಂಚೂರು ಊದ್ತೀರಾ?" ಎಂದಳು.

ದಾಕ್ಷಿಯ ಕೈಯಿಂದ ಹಗ್ಗ ಬಿತ್ತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕೈ ಒರೆಸಿಕೊಂಡಳು, ಮತ್ತೆ ಬಾಯಿ ಒರೆಸಿಕೊಂಡಳು. ಆಮೇಲೆ ಮಗುವಿನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಅಗಲಿಸಿ, ಉಫ್ ಎಂದು ಊದಿದಳು.

ಮಗು ಅಳು ನಿಲ್ಲಿಸಿತು. ಕಣ್ಣು ಪಿಳಿಪಿಳಿ ಬಿಟ್ಟಿತು.

"ಹೋಯ್ತಾ?" ಎಂದಳು ದಾಕ್ಷಿ.

ಮಗು ತಲೆಯಾಡಿಸಿತು. ಆಮೇಲೆ, ಏನೂ ಬೀಳದಿದ್ದ ಇನ್ನೊಂದು ಕಣ್ಣನ್ನು ತಾನೇ ಎರಡು ಬೆರಳಿನಲ್ಲಿ ಅಗಲಿಸಿ ಹಿಡಿದು ಮುಖ ಮುಂದೆ ಮಾಡಿ, "ಇದಕ್ಕೂ" ಎಂದಿತು.